ಪುಕಟ ಸರ್ವಿಸ್

ನಮ್ಮ ಮನೆಯ ಎ.ಸಿ.ಯ ಸರ್ವಿಸಿಗೆ ಮೂರು ಬೇಸಿಗೆ ನಾನು ಒಂದು ಪೈಸೆ ಖರ್ಚು ಮಾಡಲಿಲ್ಲ. ಜೇವರ್ಗಿಯ ನಮ್ಮ ಗಲ್ಲಿಯಲ್ಲಿ ಈ ಮಾತನ್ನು ನನ್ನ ಬಾಯಿಂದ ಕೇಳದವರು ಯಾರೂ ಇರಲಿಕ್ಕಿಲ್ಲ. ಎದುರು ಮನೆಯ ಬ್ಯಾಂಕಿನವರು ವರ್ಷಕ್ಕೆರಡು ಸಲ ಮೆಕ್ಯಾನಿಕನನ್ನು ಕರೆಸಿ, ಪ್ರತಿ ಸಲ ಐದಾರುನೂರು ಕೊಟ್ಟು ಕಳಿಸುವುದನ್ನು ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ.

“ಏನ್ರಿ ಸಾಹೇಬ್ರ, ಅದೇನ್ ಎಮ್ಮಿ ಏನ್ರಿ, ಮೈ ತೊಳ್ಯಾಕ ಇಷ್ಟು ರೊಕ್ಕಾ ಕೊಡಾಕತ್ತೀರಿ?” ಎಂದು ಕಾಲೆಳೆಯುತ್ತಿದ್ದೆ.

“ನಿಮಗೇನ್ರಿ ಮಾಸ್ತರ್ರ, ನಿಮಗ ಶಿಷ್ಯಾ ಅದಾನ,” ಎನ್ನುತ್ತಿದ್ದರು ಅವರು. ಆ ಒಂದು ಮಾತು ಕೇಳಲಿಕ್ಕೆಂದೇ ನಾನು ಅವರ ಕಾಲೆಳೆಯುತ್ತಿದ್ದೆ ಅಂತ ಈಗ ಅನಿಸುತ್ತದೆ.

ಎ.ಸಿ. ನನ್ನ ಷೋಕಿಗೆ ತಂದದ್ದಲ್ಲ. ನನ್ನ ಹೆಂಡತಿಗೆ ದಮ್ಮಿನ ಕಾಯಿಲೆ. ಮನೆಯ ಹಿಂದೆಯೇ ಬೇಳೆ ಮಿಲ್ಲು, ತೊಗರಿ ಹೊಟ್ಟಿನ ಧೂಳು ವರ್ಷವೆಲ್ಲ ಹಾರುತ್ತದೆ. ಕೂಲರ್ ಹಚ್ಚಿದರೆ ಕಿಟಕಿ ತೆಗೆಯಬೇಕು, ಕಿಟಕಿ ತೆಗೆದರೆ ಅವಳ ಎದೆ ಸುಂಯ್‌ಗುಡಲು ಶುರು. ಕಲಬುರಗಿಯ ಡಾಕ್ಟರು ಬೈದೇ ಹೇಳಿದರು: “ಮಾಸ್ತರ್ರ, ಕಿಟಕಿ ಮುಚ್ಚ್ರಿ, ಒಂದು ಎ.ಸಿ. ಹಾಕಿಸ್ರಿ. ಆದ್ರ ವರ್ಷಾ ತಪ್ಪದ ಒಳಗಿಂದ ತೊಳಸ್ರಿ. ಇಲ್ಲಂದ್ರ ಅದೇ ಧೂಳಿನ ಡಬ್ಬಿ ಆಗ್ತದ, ಇವರ ಎದಿಗೆ ಧೂಳಾ ಊದ್ತದ.” ಅಷ್ಟು ಬಿಡಿಸಿ ಹೇಳಿದ್ದರು.

ಹಾಕಲು ಬಂದವನು ನೋಡಿದರೆ ನನ್ನ ಶಿಷ್ಯ! ಅಂದೋಲಾದ ಶಾಲೆಯಲ್ಲಿ ನಾನು ಕನ್ನಡ ಕಲಿಸಿದವನು. ಸ್ಟೂಲಿನಿಂದ ಇಳಿದು ಬಂದು ಎರಡೂ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. “ಸರ, ನೀವ್ ಹೊಡದ ಏಟಿನಿಂದ ಇಷ್ಟರ ಕಲ್ತೇನ್ರಿ,” ಎಂದ. ಆ ವರ್ಷದಿಂದ ಬೇಸಿಗೆ ಹತ್ತಿರ ಬಂದರೆ ಸಾಕು, ಅವನದೇ ಫೋನು. “ಗುರುಗಳ ಮನ್ಯಾಗ ರೊಕ್ಕಾ ತಗೊಂಡ್ರ ನನ್ನ ಕೈಗೆ ಹುಳಾ ಬೀಳ್ತಾವ್ರಿ ಸರ,” ಎಂದು ನನ್ನ ಕೈಯಲ್ಲಿದ್ದ ನೋಟನ್ನು ನನ್ನ ಕಿಸೆಗೇ ತುರುಕುತ್ತಿದ್ದ. ಆಹಾ, ಎಂಥ ಶಿಷ್ಯ ಅಂತೀರಿ! ಕಣ್ಣಲ್ಲಿ ನೀರು ಬರುತ್ತಿತ್ತು ನನಗೆ.

ಕೆಲಸಕ್ಕೆ ನಿಂತರೆ ಅವನದೊಂದು ಶಿಸ್ತು. “ಧೂಳ ಹಾರ್ತದ್ರಿ ಸರ. ಅಮ್ಮಾರಿಗೆ ಆಗಿ ಬರಂಗಿಲ್ಲ. ನೀವ್ ಇಬ್ಬರೂ ಹೊರಗ ಕುಂದರ್ರಿ,” ಎಂದು ನಮ್ಮನ್ನು ಪಡಸಾಲೆಗೆ ದಾಟಿಸಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಅರ್ಧ ತಾಸಿನ ಮೇಲೆ ಹೊರಗೆ ಬಂದರೆ ಕೋಣೆಯೆಲ್ಲ ಗಮ್ಮೆನ್ನುವ ವಾಸನೆ, ಎ.ಸಿ.ಯ ಮೇಲ್ಮೈ ಕನ್ನಡಿಯಂತೆ ಫಳಫಳ. ಆಮೇಲೆ ನನ್ನ ಜೊತೆ ಕೂತು ರೊಟ್ಟಿ, ಪುಂಡಿಪಲ್ಯ ಉಂಡು, ಶಾಲೆಯ ಹಳೆಯ ಸುದ್ದಿ ತೆಗೆದು ನನ್ನನ್ನು ನಗಿಸಿ ಹೋಗುತ್ತಿದ್ದ.

ಆದರೆ ಹೆಂಡತಿಯ ಕೆಮ್ಮು ಕಡಿಮೆಯಾಗಲಿಲ್ಲ. ವರ್ಷದಿಂದ ವರ್ಷಕ್ಕೆ ಹೆಚ್ಚಾಯಿತು. ಬಾಯಿಗೆ ಹಿಡಿಯುವ ಪಂಪು ಮೊದಲು ಅಪರೂಪಕ್ಕೆ ಬೇಕಾಗುತ್ತಿತ್ತು, ಈಗ ದಿಂಬಿನ ಕೆಳಗೇ ಇರಬೇಕಾಯಿತು. ನಾನು ಬೈಯದವರಿಲ್ಲ. ಮಿಲ್ಲಿನ ಮಾಲೀಕನ ಜೊತೆ ರಸ್ತೆಯಲ್ಲಿ ನಿಂತು ಜಗಳಾಡಿದೆ. ಡಾಕ್ಟರಿಗೆ ಏನೂ ತಿಳಿಯುವುದಿಲ್ಲ ಎಂದೆ. ಜೋಳದ ಹಿಟ್ಟು ಮೂಗಿಗೆ ಹೋಗುತ್ತದೆಂದು ಅವಳ ರೊಟ್ಟಿ ಬಡಿಯುವುದನ್ನೂ ಬಿಡಿಸಿದೆ. ಕಡೆಗೆ ಅವಳು, “ನನಗ ಈ ಥಂಡಿ ಆಗಿ ಬರಂಗಿಲ್ರಿ,” ಎಂದು ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ಹೋದಳು. “ನಿನ್ನ ಸಲುವಾಗಿ ತಂದ ಎ.ಸಿ. ಅದು! ಶಿಷ್ಯಾ ಪುಕಟ ತೊಳದು ಹೋಗ್ತಾನ, ಅದರ ಕಿಮ್ಮತ್ತರ ಗೊತ್ತದ ಏನ್ ನಿನಗ?” ಎಂದು ಹರಿಹಾಯ್ದೆ. 

ಮೂರನೆಯ ಬೇಸಿಗೆ ಮುಗಿಯುವ ಮೊದಲೇ ಎ.ಸಿ.ಯಿಂದ ಮಂಚದ ಮೇಲೆ ನೀರು ಸುರಿಯತೊಡಗಿತು. ಶಿಷ್ಯನಿಗೆ ಫೋನು ಮಾಡಿದರೆ ಸೊಲ್ಲಾಪುರದಲ್ಲಿ ಕೆಲಸ, ಬರಲು ವಾರವಾಗುತ್ತದೆ ಎಂದ. ಬ್ಯಾಂಕಿನವರು ತಮ್ಮ ಮೆಕ್ಯಾನಿಕನನ್ನೇ ಕಳಿಸಿದರು. ಅವನು ಬಾಗಿಲು ಹಾಕಲಿಲ್ಲ, ನಮ್ಮನ್ನು ಹೊರಗೂ ಕಳಿಸಲಿಲ್ಲ. ಮುಚ್ಚಳ ಎತ್ತಿದವನೇ ತಿರುಗಿ ನನ್ನ ಮುಖ ನೋಡಿದ.

“ಇದಕ್ಕ ಯಾರ್ರಿ ಸರ್ವಿಸ್ ಮಾಡಿದವರು?”

“ನನ್ನ ಶಿಷ್ಯಾ. ಯಾಕ?”

“ಇದರ ಜಾಳಿ ಒಮ್ಮೀನೂ ಹೊರಗ ಬಂದಿಲ್ರಿ ಸರ. ಕಂಪನಿ ಹಚ್ಚಿದ ಟೇಪ್ ಹಂಗೇ ಅದ, ನೋಡ್ರಿ.”

ಸ್ಟೂಲು ಹತ್ತಿ ನೋಡಿದೆ. ಫಿಲ್ಟರಿನ ಜಾಳಿಯನ್ನು ಚೌಕಟ್ಟಿಗೆ ಹಿಡಿದಿಟ್ಟ ನೀಲಿ ಟೇಪು, ಅಂಗಡಿಯಿಂದ ಬಂದಾಗ ಇದ್ದಂತೆಯೇ ಇತ್ತು. ಜಾಳಿಯನ್ನು ಒಂದೇ ಒಂದು ಸಲ ಎಳೆದಿದ್ದರೂ ಅದು ಕಿತ್ತು ಬರಬೇಕಿತ್ತು. ಅದರ ಮೇಲೆ ಬೆರಳು ದಪ್ಪ ಧೂಳು, ಹಿಂದೆ ಕಪ್ಪು ಬೂಸ್ಟು. ಅವನು ಪೈಪು ಹಿಡಿದಾಗ ಹರಿದು ಬಂದ ನೀರು ಗಟಾರದ ನೀರಿಗಿಂತ ಕಪ್ಪಾಗಿತ್ತು. ಆ ಬೂಸ್ಟನ್ನು ನನ್ನ ಹೆಂಡತಿ ಮೂರು ಬೇಸಿಗೆ ಉಸಿರಾಡಿದ್ದಳು.

ಮೈಯೆಲ್ಲ ಉರಿದುಹೋಯಿತು. ‘ಮೇಲೆ ಥಳುಕು, ಒಳಗೆ ಹುಳುಕು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ವರ್ಷಾವರ್ಷಾ ಹಲಗೆಯ ಮೇಲೆ ಬರೆದು ಕೊಡುತ್ತಿದ್ದವನು ನಾನು. ಮಗ ಎಷ್ಟು ಚೆನ್ನಾಗಿ ವಿಸ್ತರಿಸಿದ್ದ! ಗುರುವಿಗೇ ತಿರುಮಂತ್ರ. ಹಣ ತಿಂದಿದ್ದರೆ ಕಳ್ಳ ಎಂದು ಬೈದು ಕೈ ತೊಳೆದುಕೊಳ್ಳುತ್ತಿದ್ದೆ. ಇವನು ಹಣವನ್ನೂ ಮುಟ್ಟದೆ, ಕಾಲು ಮುಟ್ಟಿ ಮೋಸ ಮಾಡಿದ್ದ. ಆ ಮೆಕ್ಯಾನಿಕ ಹೋದದ್ದೇ ತಡ, ಫೋನು ಕೈಗೆತ್ತಿಕೊಂಡೆ. “ಹಾದಿ ಬೀದ್ಯಾಗ ನಿಲ್ಲಿಸಿ ಮರ್ಯಾದಿ ತೆಗೀತೇನಿ ಆ ಭಾಡ್ಕೋನ್ದು!”

“ಇಡ್ರಿ ಫೋನ್,” ಎಂದಳು ಹೆಂಡತಿ. ಬಾಗಿಲಲ್ಲಿ ನಿಂತಿದ್ದಳು. “ನನಗ ಗೊತ್ತಿತ್ತು.”

“ಏನ್ ಗೊತ್ತಿತ್ತು?”

“ಅವಾ ಏನೂ ತೊಳೀತಿದ್ದಿಲ್ಲ ಅಂತ. ಮೊದಲನೇ ವರ್ಷನ ಹಿತ್ತಲ ಕಿಟಕಿಯಿಂದ ನೋಡೇನಿ. ಎ.ಸಿ. ಹಚ್ಗೊಂಡು ನೆಲದ ಮ್ಯಾಲೆ ಮಲ್ಕೊಂಡಿದ್ದ. ಬಿಸಲಾಗ ಮಾಳಗಿ ಮಾಳಗಿ ಹತ್ತಿ ಇಳದು ಸುಸ್ತಾಗಿರ್ತಾನ, ಮಲಗ್ಲಿ ಅಂತ ಸುಮ್ನಾದೆ. ಮುಂದಿನ ವರ್ಷಾನೂ ಅದೇ. ಏಳೂಮುಂದ ಮ್ಯಾಲಿಂದ ಒರಸಿ, ಸೆಂಟ್ ಹೊಡದು ಹೊರಗ ಬರ್ತಿದ್ದ.”

“ನನಗ್ಯಾಕ ಹೇಳ್ಲಿಲ್ಲ ಬೇ? ಸಾಯಾಕತ್ತಿದ್ದಿ ನೀ!”

“ಒಂದು ದಿನ ನಾನೇ ತೊಳೀಬೇಕಂತ ಸ್ಟೂಲ್ ಹತ್ತಿದೆ. ಕೈ ನಿಲುಕಲಿಲ್ಲ.” ಅವಳು ಸ್ವಲ್ಪ ಹೊತ್ತು ಕೆಮ್ಮಿದಳು. “ಹೇಳಿದ್ರ ನೀವ್ ಅವನ್ನ ಬೈತಿದ್ರಿ. ಅವಾ ಬರೋದು ಬಿಡ್ತಿದ್ದ. ಇಷ್ಟು ಹುಡುಗರಿಗೆ ಕಲಿಸೀರಿ, ಈ ಹೊಸ್ತಲಾ ತುಳಿಯಾಂವ ಅವಾ ಒಬ್ಬನ. ಅವಾ ಬರ್ತೇನಂದ್ರ ನೀವ್ ಹಿಂದಿನ ದಿನನ ಅಂಗಿ ಇಸ್ತ್ರಿ ಮಾಡಿ ಇಡ್ತಿದ್ರಿ. ಅದನ್ನ ನೋಡಿ ನಾ ಹ್ಯಾಂಗ ಹೇಳ್ಲಿ?”

ನನಗೆ ಆ ಕ್ಷಣ ಅವಳ ಮೇಲೆ ಬಂದ ಸಿಟ್ಟು ಶಿಷ್ಯನ ಮೇಲೂ ಬಂದಿರಲಿಲ್ಲ. ಹೊರಗಿನವನು ಕಣ್ಣಿಗೆ ಮಣ್ಣೆರಚಿದರೆ ಸಹಿಸಬಹುದು. ಮನೆಯವಳೇ ನನ್ನನ್ನು ಮಗುವೆಂದು ತಿಳಿದು ಸುಳ್ಳಿನ ತೊಟ್ಟಿಲಲ್ಲಿ ತೂಗಿದ್ದಳು, ಅದೂ ತನ್ನ ಉಸಿರು ಒತ್ತೆಯಿಟ್ಟು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳು ಆ ಎರಡೂ ರಾತ್ರಿ, ತೊಳೆದ ಎ.ಸಿ.ಯ ಕೋಣೆಯಲ್ಲಿ, ಬಹಳ ತಿಂಗಳ ಮೇಲೆ ಕೆಮ್ಮದೆ ನಿದ್ದೆ ಮಾಡಿದಳು.

ಹೇಳಿದ ವಾರಕ್ಕೆ ಶಿಷ್ಯ ಬರಲಿಲ್ಲ, ನಾನೂ ಕರೆಯಲಿಲ್ಲ. ಈ ವರ್ಷ ಹೋಳಿ ಮುಗಿದ ಮೇಲೆ ಮತ್ತೆ ಅವನ ಫೋನು ಬಂತು. “ಸರ, ಸರ್ವಿಸಿಗೆ ಬರ್ಲ್ಯಾ?”

“ಬಾ,” ಎಂದೆ.

ಬಂದವನೇ ಕಾಲಿಗೆ ಬಗ್ಗಿದ. ಹಿಂದಕ್ಕೆ ಸರಿದೆ. “ಕಾಲು ಎಲ್ಲೂ ಓಡಿ ಹೋಗಂಗಿಲ್ಲ. ಮೊದಲ ಜಾಳಿ ಬಿಚ್ಚು.”

ಅವನ ಮುಖದ ಬಣ್ಣ ಇಳಿಯಿತು. “ಧೂಳ ಹಾರ್ತದ್ರಿ ಸರ, ನೀವ್ ಹೊರಗ...”

“ಹಾರ್ಲಿ. ನಾ ಇಲ್ಲೇ ಕುಂದರ್ತೇನಿ.”

ಕುರ್ಚಿ ಎಳೆದುಕೊಂಡು ಕೋಣೆಯ ನಡುವೆಯೇ ಕೂತೆ. ಮುಚ್ಚಳ ಎತ್ತಿದವನು ಟೇಪು ಇಲ್ಲದ ಜಾಗವನ್ನು ನೋಡಿ ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಕೆಲಸಕ್ಕಿಳಿದ. ಜಾಳಿ ತೊಳೆದ, ಒಳಗೆ ಪೈಪು ಹಿಡಿದ, ನೀರು ಹೋಗುವ ನಳಿಗೆ ಊದಿದ, ಮಾಳಿಗೆ ಹತ್ತಿ ಹೊರಗಿನ ಡಬ್ಬಿಯನ್ನೂ ತೊಳೆದ. ಎಷ್ಟು ಚೊಕ್ಕಟ ಕೈ! ಬಾರದ ಕೆಲಸವಲ್ಲ ಅದು, ನನ್ನ ಮನೆಯಲ್ಲಿ ಮಾಡದ ಕೆಲಸ. ಅದು ಇನ್ನೂ ಹೆಚ್ಚು ಚುಚ್ಚಿತು.

ಬ್ಯಾಂಕಿನವರು ಕೊಡುವಷ್ಟೇ ಹಣ ಮುಂದೆ ಹಿಡಿದೆ. ಬೇಡವೆನ್ನುತ್ತಾನೇನೋ ಎಂದು ಕಾದೆ. ಆ ನೋಟುಗಳನ್ನು ಅವನು ನನ್ನ ಕಿಸೆಗೆ ತುರುಕಲಿ ಎಂದು, ಥೂ, ಅಷ್ಟೆಲ್ಲ ಆದ ಮೇಲೂ ಕಾದೆ. ಅವನು ಇಸಿದುಕೊಂಡು ಕಿಸೆಗಿಟ್ಟ. “ಬರ್ತೇನ್ರಿ,” ಎಂದ. ‘ಸರ’ ಎನ್ನಲಿಲ್ಲ. ಕಾಲು ಮುಟ್ಟದೆ ಹೋದ.

ಹೆಂಡತಿ ಒಳಗಿನಿಂದ ಚಹದ ಕಪ್ಪು ಹಿಡಿದು ಬಂದಳು. “ಹೋದನೇನ್ರಿ? ಚಾ ಸುದ್ದಾ ಕುಡೀಲಿಲ್ಲಲ್ರಿ.”

“ರೊಕ್ಕಾ ತಗೊಂಡ. ಸರಿ ಹೋಯ್ತು. ಇನ್ನ ಮ್ಯಾಲೆ ನೀ ಆರಾಮ ಉಸಿರಾಡು.”

ಅವಳು ಆ ಚಹವನ್ನು ನನ್ನ ಕೈಗೆ ಕೊಟ್ಟು, ನನ್ನ ಅಂಗಿಯ ಕಾಲರನ್ನು ಸರಿ ಮಾಡಿದಳು.

“ಮತ್ಯಾಕ ಇಸ್ತ್ರಿ ಮಾಡಿದ್ರಿ ಇದನ್ನ?” ಎಂದಳು.