ರಾವಂದೂರಿನ ಬಾವಿಯಲ್ಲಿ ಒಂದು ಮಧ್ಯಾಹ್ನ

ಗಾಳಿ ಸೋಕಿತು, ಏನೋ ಮೆಟ್ಟಿಕೊಂಡಿತು ಎಂದು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದವಳು ನಾನು. ಪಿರಿಯಾಪಟ್ಟಣದ ನನ್ನ ಹೊಲಿಗೆ ಅಂಗಡಿಗೆ ಬರುವ ಹೆಂಗಸರು ಇಂಥ ಕತೆ ತೆಗೆದರೆ, "ಮೊದ್ಲು ಓಗಿ ರಕ್ತ ಪರೀಕ್ಷೆ ಮಾಡಿಸ್ಕಳಿ" ಅನ್ನುತ್ತಿದ್ದೆ. ಈಗಲೂ ನಿಮ್ಮನ್ನು ನಂಬಿಸಬೇಕೆಂಬ ಹಟ ನನಗಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನಗೂ ನನ್ನ ತಮ್ಮ ಮಂಜುವಿಗೂ ಅಂಡಮಾನಿಗೆ ಹೋಗುವ ಹುಚ್ಚು ಹಿಡಿದಿತ್ತು. ಅವನ ಜೊತೆ ಓದಿದವನೊಬ್ಬ ಅಲ್ಲಿ ಡೈವಿಂಗ್ ಕಲಿಸುತ್ತಿದ್ದ. ದೋಣಿ ಹತ್ತಿದರೆ ನನಗೆ ವಾಂತಿ. ಅದಕ್ಕೇ ಬೆನ್ನಿಗೆ ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ದಡದಿಂದಲೇ ನಡೆದು ಸಮುದ್ರಕ್ಕಿಳಿಯುವ ಜಾಗಗಳನ್ನು ವಿಚಾರಿಸುತ್ತಿದ್ದೆವು. ಆ ಗೆಳೆಯ ಎರಡು ಜಾಗ ಹೇಳಿದ್ದ. ಒಂದು ಕಡೆ ಎದೆಮಟ್ಟದ ನೀರಲ್ಲೇ ಹವಳ, ಬಣ್ಣಬಣ್ಣದ ಮೀನು. ಇನ್ನೊಂದು ಕಡೆ ಸ್ವಲ್ಪ ದೂರ ಹೋದರೆ ನೆಲವೇ ಕುಸಿದ ಹಾಗೆ ಆಳ. ಮಂಜುವಿಗೆ ಆಳದ್ದೇ ಬೇಕು. ನಾನು ಸುತರಾಂ ಒಪ್ಪಿರಲಿಲ್ಲ.

ಊರಲ್ಲೇ ಮುಳುಗಿ ಎದ್ದು ನೀರಿನ ಅಂಜಿಕೆ ಬಿಡಿಸಿಕೊಂಡು ಬನ್ನಿ ಎಂದು ಗೆಳೆಯ ಹೇಳಿದ್ದರಿಂದ, ಪ್ರತಿ ಭಾನುವಾರ ರಾವಂದೂರಿನ ಹತ್ತಿರ ನಮ್ಮ ಚಿಕ್ಕಪ್ಪನ ಹೊಲದ ಬಾವಿಗೆ ಹೋಗುತ್ತಿದ್ದೆವು. ಮೇಲೆ ಪೂರ್ತಿ ತೆರೆದ, ಕಲ್ಲಿನ ಮೆಟ್ಟಿಲಿರುವ ದೊಡ್ಡ ಬಾವಿ. ನಾನು ಈಜು ಕಲಿತದ್ದೂ ಅಲ್ಲೇ.

ಅವತ್ತು ನೆತ್ತಿಯ ಮೇಲೆ ಬಿಸಿಲು. ಮಂಜು ನೀರಿನ ಪಕ್ಕದ ಮೆಟ್ಟಿಲಲ್ಲಿ ಮೊಬೈಲ್ ಹಿಡಿದು ಕೂತಿದ್ದ. ನಾನು ಮುಳುಗಿ, ನೀರೊಳಗಿನ ಮೆಟ್ಟಿಲ ಅಂಚು ಹಿಡಿದು ಸ್ವಲ್ಪ ಹೊತ್ತು ಇದ್ದು, ಕೈಬಿಟ್ಟು ಮೇಲೆ ಬಂದೆ. ತಲೆ ಕಲ್ಲಿಗೆ ತಾಗಿತು.

ಗೋಡೆ ಇರಬೇಕೆಂದು ಪಕ್ಕಕ್ಕೆ ಸರಿದೆ. ಅಲ್ಲೂ ಕಲ್ಲು. ಎರಡೂ ಕೈ ಮೇಲೆತ್ತಿ ತಡವಿದೆ. ಪಾಚಿ ಕಟ್ಟಿದ ತಣ್ಣನೆಯ ಚಪ್ಪಡಿ, ಮನೆಯ ಸೂರಿನ ಹಾಗೆ ಬಾವಿಯುದ್ದಕ್ಕೂ ಮುಚ್ಚಿಕೊಂಡಿತ್ತು. ಕತ್ತಲಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ನೀರಿನ ಹಸಿರು ಬೆಳಕು ಮೊದಲಿನಂತೆಯೇ ಇತ್ತು, ಎಲ್ಲಿಂದ ಬರುತ್ತಿದೆ ಎಂದು ಮಾತ್ರ ತಿಳಿಯಲಿಲ್ಲ. ಮೆಟ್ಟಿಲು ಹುಡುಕಿದೆ, ಸಿಗಲಿಲ್ಲ. ಗುದ್ದಿದೆ, ಉಗುರಿನಿಂದ ಕೆರೆದೆ. ಮಗಳ ಸ್ಕೂಲ್ ಲಂಗದ ಅಂಚು ಇನ್ನೂ ಹೊಲಿದಿಲ್ಲವಲ್ಲ ಎಂಬ ಯೋಚನೆ ಬಂತು. ಸಾಯುವಾಗ ಅದೇಕೆ ನೆನಪಾಗಬೇಕೋ! ಕಲ್ಲಿನ ಆಚೆ ಮಾತು ಕೇಳಿಸುತ್ತಿತ್ತು. ಒಂದು ಮಂಜುವಿನ ದನಿ. ಇನ್ನೊಂದು ಯಾರೋ ಹೆಂಗಸಿನದು.

ಕೈ ಸೋತು ಇಳಿಬಿಟ್ಟೆ. ಅಷ್ಟೇ. ಮರುಕ್ಷಣ ಮುಖದ ಮೇಲೆ ಬಿಸಿಲು ಬಿತ್ತು.

ಮಂಜು ಮೊಬೈಲಿನಿಂದ ತಲೆಯೆತ್ತದೆ, "ಸರಿ, ನೀನ್ ಏಳ್ದಂಗೆ ಆಳದ ಕಡೇನೇ ಅಂತ ಅವ್ನಿಗೆ ಮೆಸೇಜ್ ಆಕ್ಬುಟ್ಟೆ ಕಣಕ್ಕ" ಅಂದ.

ಕೆಮ್ಮುತ್ತಲೇ ಕೇಳಿದೆ: "ನಾನ್ ಯಾವಾಗ್ಲಾ ಏಳ್ದೆ?"

"ಈಗಿನ್ನೂ ಇಲ್ಲೇ ಕೂತ್ಕಂಡು ಏಳಿದ್ಯಲ್ಲ! ಎದೆಮಟ್ಟದ ನೀರಲ್ಲಿ ಏನೈತೆ, ಆಳುಕ್ಕೇ ಓಗಾನ ಬುಡು ಅಂದೆ. ಆಮೇಲೆ ತಿರ್ಗಾ ಮುಳುಗ್ದೆ."

ಅವನ ಪಕ್ಕದ ಮೆಟ್ಟಿಲು ಒದ್ದೆಯಾಗಿತ್ತು. ಅಂಚಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನಾನು ಎರಡೂ ಅಂಗೈ ತೋರಿಸಿದೆ. ಚರ್ಮ ಸುಲಿದು ಹೋಗಿತ್ತು. ಅವನ ಮುಖದಲ್ಲಿದ್ದ ನಗು ಹೋಯಿತು.

ಉಸಿರು ಕಟ್ಟಿದರೆ ಮೆದುಳಿಗೆ ಏನೇನೋ ಕಾಣುತ್ತದೆ ಎಂದು ಕೈಗೆ ಮದ್ದು ಹಾಕಿದ ಡಾಕ್ಟರು ಸಮಾಧಾನ ಹೇಳಿದರು. ಇರಬಹುದು. ಆದರೆ ಮಂಜುವಿಗೆ ಉಸಿರು ಕಟ್ಟಿರಲಿಲ್ಲವಲ್ಲ?

ಆದರೂ ನಾವು ಅಂಡಮಾನಿಗೆ ಹೋದೆವು. ಆಳದ ಜಾಗ ಬೇಡವೆಂದು ಮಂಜುವೇ ತಿಳಿಸಿದ್ದ. ನಾನು ಕಲಿಸುವವನ ಜೊತೆ ಎದೆಮಟ್ಟದ ನೀರಿಗಿಳಿದರೆ ಮಂಜು ದಡದಲ್ಲಿ ಕಾಯುತ್ತಿದ್ದ. ಪ್ರತಿ ಸಲ ಮೇಲೆ ಬಂದ ಕೂಡಲೇ ನಾನು ಕೇಳುತ್ತಿದ್ದುದು ಒಂದೇ: "ಇದಕ್ ಮುಂಚೆ ನಾನ್ ಬಂದಿದ್ನೇನೋ?"

"ಇಲ್ಲ ಕಣಕ್ಕ, ಈಗ್ಲೇ ಬತ್ತಿರೋದು" ಅನ್ನುತ್ತಿದ್ದ.

ಕೊನೆಯ ದಿನ ಕೇಳಿದಾಗ ಅವನು ತನ್ನ ಪಕ್ಕದ ಖಾಲಿ ಜಾಗದ ಕಡೆ ಒಮ್ಮೆ ತಿರುಗಿದ. ಮತ್ತೆ ನನ್ನ ಮುಖವನ್ನೇ ನೋಡುತ್ತಾ ನಿಂತ. ಆಮೇಲೆ ಟವಲು ಕೊಟ್ಟು, "ನಡಿ, ರೂಮಿಗೆ ಓಗಾನ" ಅಂದ.

ಅವತ್ತು ನನಗಿಂತ ಮುಂಚೆ ಯಾರಾದರೂ ಬಂದು ಹೋಗಿದ್ದರೇ ಎಂದು ಊರಿಗೆ ಬಂದ ಮೇಲೂ ನಾನು ಕೇಳಿಲ್ಲ. ಅವನೂ ಹೇಳಿಲ್ಲ.