ಖಂಡೇಪೂಜೆಗೆ ಕೂತ ಕಂಪ್ಯೂಟರ್

ಕೂತಲ್ಲಿ ಕೂರುವುದು ನನ್ನ ಜಾಯಮಾನವೇ ಅಲ್ಲ. ರೊಟ್ಟಿ ಬಡಿಯುತ್ತಲೇ ನಾಲ್ಕು ಸಲ ಬಾಗಿಲಿಗೆ ಹೋಗಿ ಬರುತ್ತೇನೆ. ಊಟಕ್ಕೆ ಕೂತವಳು ನಡುವೆ ಎದ್ದು ಒಲೆ ನೋಡುತ್ತೇನೆ. 'ಇಕಿ ಕಾಲಿಗೆ ಗಾಲಿ ಅದಾವು' ಎಂದು ಅತ್ತೆ ನನ್ನ ಮದುವೆಯಾದ ವರ್ಷವೇ ಸಾಂಬ್ರಾಣಿ ಊರಿನ ಬೀಗರೆಲ್ಲರಿಗೂ ಸಾರಿದ್ದರು. ಅಂಥವಳು ದಿನಕ್ಕೆ ಎರಡು ತಾಸು ಅಲುಗಾಡದೆ ಕೂರಲು ಒಪ್ಪಿಕೊಂಡೆನಲ್ಲ ಎಂದು ಈಗಲೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಬಿಟ್ಟಿ ಸಿಗುತ್ತದೆ ಎಂದು ಒಪ್ಪಿಕೊಂಡೆ, ಮತ್ತೇನಿಲ್ಲ. ದಾಂಡೇಲಿಯ ನಮ್ಮ ಓಣಿಯಲ್ಲಿ ಬಹಳಷ್ಟು ಮನೆಗಳು ಮಿಲ್ಲಿನಲ್ಲಿ ದುಡಿಯುವವರವು. ನನ್ನ ಗಂಡನೂ ಅಲ್ಲಿ ಫಿಟ್ಟರ್. ಒಂದು ಮಧ್ಯಾಹ್ನ ಯಾವುದೋ ಕಂಪನಿಯ ಮನುಷ್ಯ ಪೆಟ್ಟಿಗೆ ಹೊತ್ತುಕೊಂಡು ಬಂದ.

"ಒಂದ ಪೈಸಾ ಬ್ಯಾಡ್ರಿ ಅಕ್ಕಾರ. ದಿನಾ ಎರಡ ತಾಸು ಜಾಹೀರಾತ ನೋಡ್ರಿ, ಉಳದ ಹೊತ್ತಿನ್ಯಾಗ ಕಂಪ್ಯೂಟರ್ ನಿಮ್ದ."

ಹೋಗುವ ಮುಂಚೆ ನನ್ನ ಮುಖವನ್ನು ಅದರ ಕ್ಯಾಮೆರಾಕ್ಕೆ ಪರಿಚಯ ಮಾಡಿಸಿದ. ನಾನು ಆಚೀಚೆ ತಿರುಗಿದರೆ ಜಾಹೀರಾತು ನಿಂತುಬಿಡುತ್ತದೆ. ಒಂದು ದಿನ ತಪ್ಪಿದರೆ, ಮರುದಿನ ಎರಡೂ ದಿನದ ಪಾಲು ನೋಡಿ ಮುಗಿಸುವ ತನಕ ಬೇರೇನೂ ತೆರೆಯುವುದಿಲ್ಲ. ಅರ್ಧಕ್ಕೆ ಬಿಟ್ಟು ಎದ್ದರೆ ಅಲ್ಲಿಯವರೆಗೆ ನೋಡಿದ್ದೂ ಲೆಕ್ಕಕ್ಕಿಲ್ಲ. ನಾನು ಎಲ್ಲದಕ್ಕೂ ಹೂಂ ಎಂದೆ. ಮದುವೆಗೆ ಮುಂಚೆ ಹಳಿಯಾಳದಲ್ಲಿ ಟೈಪಿಂಗ್ ಕಲಿತಿದ್ದೆ. ಮನೆಯಲ್ಲೇ ಕೂತು ಕನ್ನಡ ಟೈಪ್ ಮಾಡುವ ಕೆಲಸ ಕೊಡುತ್ತಾರೆಂದು ಕೇಳಿದಾಗಿನಿಂದ ಕೈ ತುರಿಸುತ್ತಿತ್ತು. ನನ್ನದು ಅಂತ ಒಂದು ಕೆಲಸ ಬೇಕಿತ್ತು.

ಆಮೇಲಿನದು ಕೇಳಬೇಡಿ. ದುಬೈಯ ಮನೆ, ಹಲ್ಲಿನ ಪೇಸ್ಟು, ಮತ್ತೆ ದುಬೈಯ ಮನೆ. ಹಿಂದೆ ಬೇಳೆ ಸೀಯುತ್ತಿದೆ, ಮುಂದೆ ಯಾವಳೋ ಕುಕ್ಕರ್ ಹಿಡಿದು ನಗುತ್ತಿದ್ದಾಳೆ. ನನ್ನ ಒದ್ದಾಟ ನೋಡಲಾರದೆ ಒಮ್ಮೆ ಅತ್ತೆ ನನ್ನನ್ನು ಎಬ್ಬಿಸಿ ತಾವೇ ಕುರ್ಚಿಯಲ್ಲಿ ಕೂತರು. ಪರದೆ ಕಪ್ಪಾಯಿತು. "ನನ್ನ ಮಾರಿ ಬ್ಯಾಡಂತ ಇದಕ್ಕ," ಎಂದು ಮುನಿಸಿಕೊಂಡು ಎದ್ದುಹೋದರು.

ಕಡೆಗೂ ಒಂದು ಕಚೇರಿಯವರು ಟೈಪಿಂಗ್ ಪರೀಕ್ಷೆಗೆ ಕರೆದರು. ಮನೆಯಿಂದಲೇ, ಕಂಪ್ಯೂಟರಿನಲ್ಲೇ ಬರೆಯಬೇಕು, ಬೆಳಿಗ್ಗೆ ಹತ್ತಕ್ಕೆ. ದಿನ ನೋಡಿದರೆ ದಸರೆ! ಎಲ್ಲೋ ದೂರದ ಊರಿನವರು, ಅವರಿಗೆ ಹಬ್ಬವೂ ಇಲ್ಲ, ಹುಣ್ಣಿಮೆಯೂ ಇಲ್ಲ.

ದಸರೆಯ ಹಿಂದಿನ ದಿನ ಖಂಡೇಪೂಜೆ. ಅವತ್ತು ದುಡಿಯುವ ಹತ್ಯಾರಗಳನ್ನೆಲ್ಲ ತೊಳೆದು, ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಹೂವೇರಿಸುತ್ತೇವೆ. ಆಮೇಲೆ ಮರುದಿನದ ತನಕ ಯಾವುದನ್ನೂ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ವಿಶ್ರಾಂತಿ. ಪ್ರತಿ ವರ್ಷ ಗಂಡನ ನಟ್ಟು ಬಿಗಿಯುವ ಪಾನಾಗಳು, ಅತ್ತೆಯ ಕುಡಗೋಲು ಇರುತ್ತಿದ್ದವು. ನನ್ನದು ಎಂದು ಇಡಲು ಈಳಿಗೆ ಬಿಟ್ಟರೆ ಏನಿತ್ತು? ಆ ವರ್ಷ ಬೆಳಗಾಗುತ್ತಲೇ ಕಂಪ್ಯೂಟರನ್ನು ಒರೆಸಿ, ಎತ್ತಿಕೊಂಡು ಹೋಗಿ, ಪಾನಾಗಳ ಪಕ್ಕದಲ್ಲಿ ಇಟ್ಟೆ. ಅತ್ತೆ ಅದಕ್ಕೂ ಮೂರು ಬೆರಳಿನ ವಿಭೂತಿ ಎಳೆದು ಚೆಂಡುಹೂ ಇಟ್ಟರು. ನನಗೆ ಎದೆ ತುಂಬಿ ಬಂತು. ಹಬ್ಬದ ದಿನ ಅದಕ್ಕೂ ರಜೆ ಎಂದು ಮೂವರೂ ನಂಬಿದ್ದೆವು. ಜಾಹೀರಾತಿನ ಮಾತೇ ಯಾರ ಬಾಯಿಗೂ ಬರಲಿಲ್ಲ.

ಮರುದಿನ ಎಂಟಕ್ಕೆ ಚಾಲೂ ಮಾಡಿದೆ. 'ನಿನ್ನೆ ಯಾರೂ ನೋಡಲಿಲ್ಲ' ಎಂದು ತೋರಿಸಿ ದುಬೈಯ ಮನೆ ಶುರುವಾಯಿತು. ಎರಡು ದಿನದ್ದು ಸೇರಿ ನಾಲ್ಕು ತಾಸು. ಕಂಪನಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಗಂಡ ಬೈಕು ಹತ್ತಿ ಪೇಟೆಯಲ್ಲೆಲ್ಲ ಕಂಪ್ಯೂಟರ್ ಅಂಗಡಿ ಹುಡುಕಿ ಬಂದ.

"ಎಲ್ಲಾ ಕಡೆ ಹಾರ ಹಾಕಿ ಕೀಲಿ ಜಡದಾರ," ಎಂದ.

ಪೂರ್ತಿ ನೋಡಲು ಹೊತ್ತು ಸಾಲದು ಎಂದು ಗೊತ್ತಿತ್ತು. ಆದರೂ ನಡುವೆ ಎಲ್ಲಾದರೂ ಬಿಟ್ಟುಕೊಡುತ್ತದೇನೋ ಎಂಬ ಹುಚ್ಚು ಆಸೆ. ಕತ್ತು ತಿರುಗಿಸದೆ ನೋಡಿದೆ. ಅತ್ತೆ ಪಕ್ಕದಲ್ಲಿ ನಿಂತು ಚಹಾದ ಬಟ್ಟಲನ್ನು ನನ್ನ ಬಾಯಿಗೇ ಹಿಡಿದರು, ನಾನು ಕಣ್ಣು ಕೀಳಬಾರದೆಂದು. ಹತ್ತಾಯಿತು. ಹತ್ತೂವರೆಗೆ ಪರೀಕ್ಷೆ ಮುಗಿಯಿತೆಂದು ಮೊಬೈಲಿಗೆ ಸಂದೇಶ ಬಂತು. ಗಂಡ ಅದನ್ನು ಓದಿ ಹೇಳಿ ಹೊರಗೆ ಹೋದ. ಓಣಿಯಲ್ಲಿ ಬನ್ನಿ ಕೊಡಲು ಜನ ಹೊರಟಿದ್ದರು. ನನಗೆ ಎದ್ದು ಆ ಡಬ್ಬಿಯನ್ನು ಕಾಳಿ ಹೊಳೆಗೆ ಎಸೆದು ಬರುವಷ್ಟು ಸಿಟ್ಟು. ಕಣ್ಣು ಮಂಜಾಗಿ ಕುಕ್ಕರಿನವಳು ಸರಿಯಾಗಿ ಕಾಣುತ್ತಿರಲಿಲ್ಲ.

ಅತ್ತೆ ನನ್ನ ಭುಜ ಹಿಡಿದು ಅಲುಗಿಸಿದರು. "ಪರೀಕ್ಷಾ ಹೋತಲ್ಲವಾ, ಇನ್ನ ಯಾಕ ಕುಂತಿ? ಏಳು, ಬನ್ನಿ ಕೊಟ್ಟ ಬರೂಣು."

"ಈಗ ಎದ್ರ ನಾಳಿ ಮೂರ ದಿನದ್ದ ನೋಡಬೇಕಾಗ್ತೈತ್ರಿ ಅತ್ತಿ," ಎಂದೆ, ಮುಖ ತಿರುಗಿಸದೆ.