ವರದಿಯಲ್ಲಿ ಕಾಜಾ

ಧರ್ಮಪ್ರಚಾರಕ್ಕೆಂದು ಪರದೇಶಕ್ಕೆ ಬಂದ ಹುಡುಗಿ ಸೋಮವಾರ ತಟ್ಟಿದ ಮೊದಲ ಬಾಗಿಲು ದರ್ಜಿಯಮ್ಮನದು. ಆಕೆಯ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಮೇಜಿನ ಮೇಲೆ ಶಾಲೆಯ ಅಂಗಿಗಳ ರಾಶಿಯಿತ್ತು.

“ದೇವರ ವಿಷಯ ಆಮೇಲೆ ಹೇಳುವಂತೆ ತಾಯಿ, ಮೊದಲು ಸೂಜಿಗೆ ದಾರ ಪೋಣಿಸು.”

ಹುಡುಗಿ ವಾರವಿಡೀ ಅಲ್ಲೇ ಕೂತು ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿದಳು. ಮೊದಲ ದಿನದವನ್ನೆಲ್ಲ ದರ್ಜಿಯಮ್ಮ ಬಿಚ್ಚಿಸಿದಳು.

ಶನಿವಾರ ಅವಳ ವರದಿ ಹಾಳೆ ನೋಡಿದ ಪ್ರಚಾರ ಸಂಸ್ಥೆಯ ಮೇಲ್ವಿಚಾರಕರು ಕೆಂಡಾಮಂಡಲವಾದರು.

“ಆರು ದಿನಕ್ಕೆ ಒಂದೇ ಮನೇನಾ? ಪ್ರಾರ್ಥನೆಗೆ ಎಷ್ಟು ಜನ ಬಂದ್ರು?”

“ಯಾರೂ ಇಲ್ಲ ಸಾರ್.”

“ಮತ್ತೆ ಅಲ್ಲೇನು ಕಡಿದು ಕಟ್ಟೆ ಹಾಕ್ದೆ?”

“ಅಂಗಿಗೆ ಕಾಜಾ ಹೊಲಿದೆ. ತೊಂಬತ್ತಾರು.”

“ಅದಕ್ಕೆ ಇದರಲ್ಲಿ ಕಾಲಂ ಇಲ್ಲ!”

ಹುಡುಗಿ ಅವರ ಮೇಜಿನ ಸ್ಕೇಲನ್ನೇ ತೆಗೆದುಕೊಂಡು, ಹಾಳೆಯ ಅಂಚಿನಲ್ಲಿ ಗೆರೆ ಎಳೆದು, ‘ಕಾಜಾ’ ಎಂದು ಬರೆದಳು.

“ಈಗ ಇದೆ ಸಾರ್. ಮುಂದಿನ ವಾರ ಗುಂಡಿಗೂ ಒಂದು ಬೇಕಾಗುತ್ತೆ.”